ಎಂಬಿಬಿಎಸ್ ಆದ ಮೇಲೆ ಜೀನೋಮಿಕ್ಸ್ ಸಂಶೋಧನೆ: ಡಿಎಂ, ಪಿಎಚ್‌ಡಿ, ಎಂಡಿ-ಪಿಎಚ್‌ಡಿ, ವಿದೇಶ – ಯಾರಿಗೆ ಯಾವುದು?

ರೋಗಗಳ ಹಿಂದಿನ ಜೀನ್ ಹುಡುಕುವ ಕೆಲಸಕ್ಕೆ ಬರಬೇಕೆನ್ನುವ ವೈದ್ಯರು ಸಾಮಾನ್ಯವಾಗಿ ಪದವಿಯಿಂದ ಲೆಕ್ಕ ಶುರು ಮಾಡುತ್ತಾರೆ. ಪಿಎಚ್‌ಡಿ ಬೇಕೇ, ಡಿಎಂ ಸಾಕೇ, ಅಮೆರಿಕಕ್ಕೆ ಹೋಗಲೇಬೇಕೇ? ಆದರೆ ಲೆಕ್ಕ ಶುರುವಾಗಬೇಕಾದ್ದು ಕೆಲಸದಿಂದ. ಈ ಕ್ಷೇತ್ರದಲ್ಲಿ ಒಂದು ಫಲಿತಾಂಶ ಹೊರಬರಲು ಬೇರೆ ಬೇರೆ ಬಗೆಯ ಕೈಗಳು ಬೇಕು, ಮತ್ತು ಒಂದೊಂದು ದಾರಿ ಒಂದೊಂದು ಬಗೆಯವರನ್ನು ತಯಾರು ಮಾಡುತ್ತದೆ.

ಎಂವೈಬಿಪಿಸಿ3 ಜೀನನ್ನೇ ತೆಗೆದುಕೊಳ್ಳಿ. ಹೃದಯದ ಸ್ನಾಯುವಿನ ಒಂದು ಪ್ರೋಟೀನಿಗೆ ಇದು ನಕ್ಷೆ. ಇದರ ಒಂದು ಇಂಟ್ರಾನ್‌ನಲ್ಲಿ (ಜೀನಿನೊಳಗೆ ಪ್ರೋಟೀನ್ ಬರೆಯದ ತುಂಡು) ಡಿಎನ್‌ಎಯ 25 ಅಕ್ಷರಗಳು ಬಿಟ್ಟುಹೋದ ರೂಪ ದಕ್ಷಿಣ ಏಷ್ಯಾದವರಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಾಲ್ವರಲ್ಲಿದೆ. ಬೇರೆ ಕಡೆಯ ಜನರಲ್ಲಿ ತೀರಾ ಅಪರೂಪ. ಹೃದಯದ ಸ್ನಾಯುರೋಗಕ್ಕೂ ಇದಕ್ಕೂ ನಂಟಿದೆ ಎಂದು 2009ರಲ್ಲಿ ತೋರಿಸಿದ ತಂಡದಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿದ್ದರು. ಆ ಕೆಲಸಕ್ಕೆ ಎಕೋ ಮಾಡಿ ರೋಗಿಗಳನ್ನೂ ಅವರ ಕುಟುಂಬದವರನ್ನೂ ಸರಿಯಾಗಿ ಗುರುತಿಸಿದ ಹೃದ್ರೋಗ ತಜ್ಞರು ಬೇಕಾದರು. ನೂರಾರು ರೋಗಿಗಳ ಮತ್ತು ಆರೋಗ್ಯವಂತರ ಡಿಎನ್‌ಎ ಹೋಲಿಸಿದವರು ಬೇಕಾದರು. ಈ ಬದಲಾವಣೆಯಿಂದ ಪ್ರೋಟೀನಿನ ತುದಿ ಕೆಡುತ್ತದೆ ಎಂದು ಜೀವಕೋಶದಲ್ಲಿ ತೋರಿಸಿದವರೂ ಬೇಕಾದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಈ ರೂಪ ಇರುವವರಲ್ಲಿ ಕೆಲವರಿಗೆ ಅದೇ ಜೀನಿನಲ್ಲಿ ಇನ್ನೊಂದು ಬದಲಾವಣೆಯೂ ಜೊತೆಗಿರುತ್ತದೆ, ಅಪಾಯದ ಒಂದು ಪಾಲು ಅದರಿಂದ ಬರುತ್ತದೆ ಎಂದು 2018ರಲ್ಲಿ ಅಮೆರಿಕದಲ್ಲಿರುವ ದಕ್ಷಿಣ ಏಷ್ಯನ್ನರ ಅಧ್ಯಯನವೊಂದು ತೋರಿಸಿತು. ಇವತ್ತಿಗೂ ಒಬ್ಬ ರೋಗಿಯ ವರದಿಯಲ್ಲಿ ಈ 25 ಅಕ್ಷರಗಳ ಅಳಿಕೆ ಕಂಡರೆ ಮನೆಯವರಿಗೆ ಏನು ಹೇಳಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ.

ರೋಗವನ್ನು ನಿಖರವಾಗಿ ವಿವರಿಸುವುದು, ದತ್ತಾಂಶದಲ್ಲಿ ಕಾರಣವನ್ನು ಹುಡುಕುವುದು, ಅದೇ ಕಾರಣ ಎಂದು ಲ್ಯಾಬಿನಲ್ಲಿ ಸಾಬೀತುಪಡಿಸುವುದು: ಈ ಮೂರರಲ್ಲಿ ನಿಮ್ಮ ಜೀವನದ ಬಹುಪಾಲು ದಿನಗಳು ಯಾವುದರಲ್ಲಿ ಕಳೆಯಬೇಕು? ಇದಕ್ಕೆ ಉತ್ತರ ಸಿಕ್ಕಿದರೆ ದಾರಿ ಅರ್ಧ ಗೊತ್ತಾದಂತೆ. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಕೋಡ್ ಬರೆಯುವವರು, ಪಿಪೆಟ್ ಹಿಡಿಯುವವರು ದೇಶದಲ್ಲಿ ಬೇಕಾದಷ್ಟಿದ್ದಾರೆ. ರೋಗಿಯನ್ನು ಮುಟ್ಟಿ ನೋಡಿ, ಮೂರು ತಲೆಮಾರಿನ ವಂಶವೃಕ್ಷ ಬರೆದು, ಅದೇ ರೋಗಿಯ ಎಕ್ಸೋಮ್ (ಪ್ರೋಟೀನ್ ಬರೆಯುವ ಡಿಎನ್‌ಎ ಭಾಗಗಳ) ಫೈಲನ್ನೂ ತೆರೆದು ಓದಬಲ್ಲವರು ಬಹಳ ಕಡಿಮೆ. ಆದ್ದರಿಂದ ವಾರ್ಡಿನ ಕೆಲಸ ಇಷ್ಟವಿರುವವರು ರೋಗಿಯ ಸಂಪರ್ಕ ಕಡಿದುಹೋಗುವ ದಾರಿಯನ್ನು ಆರಿಸಬೇಡಿ.

ಡಿಎಂ ಮೆಡಿಕಲ್ ಜೆನೆಟಿಕ್ಸ್

ಎಂಡಿ ಆದ ಮೇಲೆ ಮೂರು ವರ್ಷ. ಪೀಡಿಯಾಟ್ರಿಕ್ಸ್, ಜನರಲ್ ಮೆಡಿಸಿನ್, ಒಬಿಜಿ ಮುಗಿಸಿದವರು ಹೆಚ್ಚಾಗಿ ಸೇರುತ್ತಾರೆ. ಯಾವ ಎಂಡಿಗೆ ಅರ್ಹತೆ ಎಂಬುದನ್ನು ಆಯಾ ವರ್ಷದ ಬುಲೆಟಿನ್‌ನಲ್ಲೇ ನೋಡಬೇಕು. ದೆಹಲಿಯ ಏಮ್ಸ್, ಲಖನೌದ ಎಸ್‌ಜಿಪಿಜಿಐ ಈ ವಿಷಯದ ಹಳೆಯ ಕೇಂದ್ರಗಳು. ಕರ್ನಾಟಕದಲ್ಲಿ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಈ ವಿಭಾಗ ಗಟ್ಟಿಯಾಗಿ ಬೆಳೆದಿದೆ, ಅಪರೂಪದ ಮೂಳೆರೋಗಗಳು ಮತ್ತು ಗರ್ಭಸ್ಥ ಶಿಶುವಿನ ದೋಷಗಳ ಮೇಲೆ ಅಲ್ಲಿ ಸಾಕಷ್ಟು ಕೆಲಸವಾಗಿದೆ. ದೇಶದಲ್ಲಿ ಒಟ್ಟು ಸೀಟುಗಳೇ ಕೆಲವು. ಆದರೆ ಕಾರ್ಡಿಯಾಲಜಿ, ಗ್ಯಾಸ್ಟ್ರೋಗೆ ಇರುವ ನೂಕುನುಗ್ಗಲು ಇಲ್ಲಿಲ್ಲ.

ಡಿಎಂ ಕಲಿಸುವುದು ಮೊದಲ ಕೆಲಸವನ್ನು, ಅಂದರೆ ವಿವರಿಸುವುದನ್ನು. ಮುಖಲಕ್ಷಣ ಓದುವುದು, ಅಸ್ಥಿಪಂಜರದ ಎಕ್ಸ್‌ರೇ ನೋಡಿ ಡಿಸ್‌ಪ್ಲೇಸಿಯಾ ವಿಂಗಡಿಸುವುದು, ಕೌನ್ಸೆಲಿಂಗ್, ಗರ್ಭಾವಸ್ಥೆಯ ಪರೀಕ್ಷೆ, ವೇರಿಯಂಟ್ (ಡಿಎನ್‌ಎ ಬದಲಾವಣೆ) ವರ್ಗೀಕರಣ. 2015ರಲ್ಲಿ ಅಮೆರಿಕದ ಎಸಿಎಂಜಿ ಸಂಸ್ಥೆ ಕೊಟ್ಟ ಐದು ದರ್ಜೆಯ ಪದ್ಧತಿ (ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ) ನಿಮಗೆ ಬಾಯಿಪಾಠವಾಗುತ್ತದೆ. ಎರಡನೆಯ ಕೆಲಸವನ್ನು ಅರ್ಧ ಕಲಿಸುತ್ತದೆ. ಮೂರನೆಯದನ್ನು ಕೆಲವು ಕಡೆ ಮಾತ್ರ.

ಎಡವುವುದು ಎಲ್ಲಿ ಎಂದರೆ, ಡಿಎಂ ಮುಗಿಸಿದವರಿಗೆ ಆಸ್ಪತ್ರೆಗಳಲ್ಲಿ ಬೇಡಿಕೆ ತುಂಬ ಇರುವುದರಿಂದ ಸೇರಿದ ದಿನದಿಂದಲೇ ಓಪಿಡಿ ಮತ್ತು ವರದಿಗಳಿಗೆ ಸಹಿ ಹಾಕುವುದರಲ್ಲೇ ಹೊತ್ತು ಹೋಗುತ್ತದೆ. ಸಂಶೋಧನೆಗೆಂದು ಬಂದವರು ಹೀಗೆ ಕೈತಪ್ಪಿ ಹೋಗದಿರಬೇಕಾದರೆ, ಡಿಎಂ ಮೂರನೇ ವರ್ಷದಲ್ಲೇ ಮುಂದಿನ ಫೆಲೋಶಿಪ್‌ಗೆ ಅರ್ಜಿ ಸಿದ್ಧವಾಗಿರಬೇಕು.

ಎಂಬಿಬಿಎಸ್ ಮುಗಿದ ಕೂಡಲೇ ಪಿಎಚ್‌ಡಿ

ಇದಕ್ಕೆ ಅವಕಾಶವಿದೆ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. ಎಂಎಸ್ಸಿ ಬೇಕಿಲ್ಲ. ಸಿಎಸ್‌ಐಆರ್-ಯುಜಿಸಿ ನೆಟ್‌ನ ಲೈಫ್ ಸೈನ್ಸಸ್ ಪರೀಕ್ಷೆಯನ್ನು ನೂರಕ್ಕೆ 55 ಅಂಕವಿರುವ ಎಂಬಿಬಿಎಸ್ ಪದವೀಧರರು ಬರೆಯಬಹುದು (ಮೀಸಲಾತಿಯವರಿಗೆ ಸಡಿಲಿಕೆ ಇದೆ). ಬೆಂಗಳೂರಿನ ಎನ್‌ಸಿಬಿಎಸ್‌ಗೆ ಟಿಐಎಫ್‌ಆರ್‌ನ ಜೀವವಿಜ್ಞಾನ ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಐಐಎಸ್‌ಸಿ, ದೆಹಲಿಯ ಐಜಿಐಬಿ, ಹೈದರಾಬಾದಿನ ಸಿಸಿಎಂಬಿ ಮತ್ತು ಸಿಡಿಎಫ್‌ಡಿ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇವೆಲ್ಲ ನೋಡಬೇಕಾದ ಕಡೆಗಳು. ಮಿದುಳಿನ ರೋಗಗಳ ಕಡೆ ಒಲವಿದ್ದರೆ ನಿಮ್ಹಾನ್ಸ್‌ನಲ್ಲಿ ವೈದ್ಯರಿಗೆಂದೇ ಕ್ಲಿನಿಕಲ್ ನ್ಯೂರೋಸೈನ್ಸ್ ಪಿಎಚ್‌ಡಿ ಇದೆ.

ಹಣದ ಮಾತು ನೇರವಾಗಿ ಹೇಳಬೇಕು. 2023ರ ಜನವರಿಯಿಂದ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಮೊತ್ತ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಮುಗಿಸಲು ಐದಾರು ವರ್ಷ. ಅಷ್ಟರಲ್ಲಿ ನಿಮ್ಮ ಬ್ಯಾಚಿನವರು ಎಂಡಿ ಮುಗಿಸಿ ಕನ್ಸಲ್ಟೆಂಟ್ ಆಗಿರುತ್ತಾರೆ. ಮನೆಯ ಜವಾಬ್ದಾರಿ ಹೆಗಲ ಮೇಲಿರುವವರು ಇದನ್ನು ಮೊದಲೇ ಕೂತು ಲೆಕ್ಕ ಹಾಕಬೇಕು, ಸೇರಿದ ಮೇಲಲ್ಲ.

ಇನ್ನೊಂದು ಸಂಗತಿ ಇನ್ನೂ ಮುಖ್ಯ. ಎಂಡಿ ಇಲ್ಲದ ಪಿಎಚ್‌ಡಿಯಿಂದ ಮೆಡಿಕಲ್ ಕಾಲೇಜಿನ ಕ್ಲಿನಿಕಲ್ ವಿಭಾಗದಲ್ಲಿ ಬೋಧಕ ಹುದ್ದೆ ಸಿಗುವುದಿಲ್ಲ. ರೋಗಿಗಳನ್ನು ನೋಡುವ ಹಕ್ಕು ಎಂಬಿಬಿಎಸ್‌ನಿಂದ ಉಳಿದಿದ್ದರೂ, ಐದು ವರ್ಷ ಬಿಟ್ಟ ಕೈಗೆ ಕೌಶಲ ಉಳಿಯುವುದಿಲ್ಲ. ಪಿಎಚ್‌ಡಿ ಮುಗಿಸಿ ಮತ್ತೆ ನೀಟ್-ಪಿಜಿಗೆ ಕೂರುವವರಿದ್ದಾರೆ. ಮೂವತ್ತರ ಹೊಸ್ತಿಲಲ್ಲಿ ಹತ್ತೊಂಬತ್ತು ವಿಷಯಗಳನ್ನು ಮತ್ತೆ ಓದುವುದು ಅಂದುಕೊಂಡಷ್ಟು ಸಲೀಸಲ್ಲ. ಆದ್ದರಿಂದ ಈ ದಾರಿ ವಾರ್ಡಿನ ಕೆಲಸ ನಿಜಕ್ಕೂ ಬೇಡವೆನ್ನುವವರಿಗೆ, ಪ್ರಯೋಗ ಅಥವಾ ಗಣನೆಯೇ ಪ್ರಾಣ ಎನ್ನುವವರಿಗೆ. ಅಂಥವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎಂಡಿಗೆಂದು ಮೂರು ವರ್ಷ ಒಲ್ಲದ ಮನಸ್ಸಿನಿಂದ ಡ್ಯೂಟಿ ಮಾಡುವ ಅಗತ್ಯವೂ ಇಲ್ಲ.

ತೀರ್ಮಾನ ಆಗುತ್ತಿಲ್ಲವೇ? ಒಂದು ವರ್ಷ ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಅಥವಾ ಡಿಬಿಟಿ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ) ಹಣದಲ್ಲಿ ನಡೆಯುವ ಯೋಜನೆಯೊಂದರಲ್ಲಿ ವೈದ್ಯಕೀಯ ಪದವೀಧರರಿಗಿರುವ ಪ್ರಾಜೆಕ್ಟ್ ಹುದ್ದೆಗೆ ಸೇರಿ. ಸಂಬಳ ಜೆಆರ್‌ಎಫ್‌ಗಿಂತ ಚೆನ್ನಾಗಿರುತ್ತದೆ, ಬಿಟ್ಟು ಹೋದರೆ ಪದವಿ ಅರ್ಧಕ್ಕೆ ನಿಂತಿತು ಎಂಬ ಕಳಂಕವಿಲ್ಲ, ಲ್ಯಾಬಿನ ದಿನ ಹೇಗಿರುತ್ತದೆ ಎಂಬುದು ಕಣ್ಣಾರೆ ತಿಳಿಯುತ್ತದೆ.

ಎಂಡಿ ನಂತರ ಪಿಎಚ್‌ಡಿ ಅಥವಾ ಸಂಶೋಧನಾ ಫೆಲೋಶಿಪ್

ಹೆಚ್ಚಿನವರಿಗೆ ನಾವು ಹೇಳುವ ದಾರಿ ಇದು. ಎಂಡಿ ಕೈಯಲ್ಲಿದ್ದರೆ ಒಂದು ಕಾಲು ಆಸ್ಪತ್ರೆಯಲ್ಲಿ ಭದ್ರವಾಗಿರುತ್ತದೆ. 2008ರಲ್ಲಿ ಶುರುವಾದ ಡಿಬಿಟಿ-ವೆಲ್‌ಕಮ್ ಟ್ರಸ್ಟ್ ಇಂಡಿಯಾ ಅಲಯನ್ಸ್ ವೈದ್ಯರಿಗೆಂದೇ ಬೇರೆ ಫೆಲೋಶಿಪ್ ಸಾಲನ್ನು ಇಟ್ಟಿತು. ಪಿಎಚ್‌ಡಿ ಇಲ್ಲದ ಎಂಡಿಗಳೂ ಅದಕ್ಕೆ ಅರ್ಜಿ ಹಾಕಲು ಸಾಧ್ಯವಾಯಿತು. ಈ ಕಾರ್ಯಕ್ರಮದ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಹಳೆಯ ಹಂತದ ನಿಯಮಗಳನ್ನು ನಂಬಿ ಅರ್ಜಿ ತಯಾರಿಸಬೇಡಿ, ಹೊಸ ಪ್ರಕಟಣೆಯನ್ನೇ ಓದಿ.

ಇಂಥ ಫೆಲೋಶಿಪ್‌ಗಳ ಬೆಲೆ ಹಣದಲ್ಲಿಲ್ಲ, ಸಮಯದಲ್ಲಿದೆ. ಸಂಶೋಧನೆಗೆ ಇಷ್ಟು ಸಮಯ ಬಿಟ್ಟುಕೊಡುತ್ತೇವೆ ಎಂದು ಸಂಸ್ಥೆ ಬರೆದುಕೊಡಬೇಕು. ಆದರೆ ಬರೆದುಕೊಟ್ಟ ಪತ್ರಕ್ಕೂ ಡ್ಯೂಟಿ ರೋಸ್ಟರ್‌ಗೂ ಸಂಬಂಧವೇ ಇರದಿರುವುದು ಮಾಮೂಲು. ವಿಭಾಗದಲ್ಲಿ ಇಬ್ಬರು ರಜೆಯ ಮೇಲೆ ಹೋದ ವಾರದಲ್ಲಿ ನಿಮ್ಮ ‘ಸಂಶೋಧನೆಯ ದಿನ’ ಮೊದಲು ಬಲಿಯಾಗುತ್ತದೆ. ಸೇರುವ ಮುನ್ನ ವಿಭಾಗದ ಮುಖ್ಯಸ್ಥರನ್ನು ಹೀಗೆ ಕೇಳಿ: ವಾರದ ಯಾವ ದಿನಗಳು ನನ್ನವು, ಆ ದಿನ ರಾತ್ರಿ ಕಾಲ್ ಇರುತ್ತದೆಯೇ, ನನ್ನ ಬದಲು ಓಪಿಡಿ ಯಾರು ನೋಡುತ್ತಾರೆ? ಮೂರನೆಯದಕ್ಕೆ ಒಬ್ಬರ ಹೆಸರು ಉತ್ತರವಾಗಿ ಬರದಿದ್ದರೆ ಆ ಸಮಯ ನಿಮಗೆ ಸಿಗುವುದಿಲ್ಲ ಎಂದೇ ತಿಳಿಯಿರಿ.

ಯಾವ ಎಂಡಿ? ಒಂಟಿ ಜೀನಿನ ರೋಗಗಳು ಹೆಚ್ಚು ಕಾಣುವುದು ಪೀಡಿಯಾಟ್ರಿಕ್ಸ್‌ನಲ್ಲಿ. ಜನರಲ್ ಮೆಡಿಸಿನ್‌ನಿಂದ ನ್ಯೂರಾಲಜಿ, ಹೆಮಟಾಲಜಿ, ಎಂಡೋಕ್ರೈನ್ ಮೂಲಕ ಬರಬಹುದು. ವೆಲ್ಲೂರಿನ ಸಿಎಂಸಿಯ ರಕ್ತರೋಗ ತಜ್ಞರು ಹಿಮೋಫಿಲಿಯಾ-ಎ ರೋಗಕ್ಕೆ ಮಾಡಿದ ಜೀನ್ ಚಿಕಿತ್ಸೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಐವರು ರೋಗಿಗಳ ಆ ಕೆಲಸದ ಹಿಂದೆ ಇರುವುದು ಒಂದೇ ವಿಭಾಗ ದಶಕಗಳ ಕಾಲ ಅದೇ ರೋಗಿಗಳನ್ನು ನೋಡಿಕೊಂಡು ಬಂದ ಅನುಭವ. ಕ್ಯಾನ್ಸರ್ ಜೀನೋಮಿಕ್ಸ್ ಬೇಕೆಂದರೆ ಪೆಥಾಲಜಿ ಅತ್ಯುತ್ತಮ. ಟ್ಯೂಮರ್ ಬ್ಲಾಕ್ ಯಾರ ಕೈಯಲ್ಲಿದೆಯೋ ಅವರೇ ಪ್ರಶ್ನೆಯನ್ನೂ ಕೇಳಬಲ್ಲರು.

ಎಂಡಿ-ಪಿಎಚ್‌ಡಿ ಒಟ್ಟಿಗೆ

ಕಾಗದದ ಮೇಲೆ ಇದೇ ಸರಿಯಾದ ಉತ್ತರ. ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ಬೇರುಬಿಟ್ಟಿಲ್ಲ. ಐಐಎಸ್‌ಸಿ 2022ರಲ್ಲಿ ಬೆಂಗಳೂರಿನ ತನ್ನ ಆವರಣದಲ್ಲೇ ಸ್ನಾತಕೋತ್ತರ ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಗಳ ಆಸ್ಪತ್ರೆ ಕಟ್ಟುವುದಾಗಿ ಪ್ರಕಟಿಸಿತು; ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಅದಕ್ಕೆ 425 ಕೋಟಿ ರೂಪಾಯಿ ದಾನ ಕೊಟ್ಟರು. ಎಂಡಿ-ಪಿಎಚ್‌ಡಿ ಅದರ ಮುಖ್ಯ ಗುರಿಗಳಲ್ಲೊಂದು. ಈಗ ಎಂಬಿಬಿಎಸ್‌ನ ಮೊದಲ ವರ್ಷಗಳಲ್ಲಿರುವವರು ಇದರ ಮೇಲೆ ಕಣ್ಣಿಡಬೇಕು. ಇಂಟರ್ನ್‌ಶಿಪ್ ಮುಗಿಸಿ ನಿಂತಿರುವವರು ಸೀಟು ಪ್ರಕಟವಾಗುವ ತನಕ ಕಾಯುತ್ತಾ ವರ್ಷ ಕಳೆಯಬಾರದು.

ವಿದೇಶ

ಅಮೆರಿಕದಲ್ಲಿ ಎರಡು ಬಾಗಿಲು. ಒಂದು, ಯುಎಸ್‌ಎಂಎಲ್‌ಇ ಬರೆದು ರೆಸಿಡೆನ್ಸಿಗೆ ಹೋಗುವುದು. ಅಲ್ಲಿ ಮೆಡಿಕಲ್ ಜೆನೆಟಿಕ್ಸ್ ರೆಸಿಡೆನ್ಸಿ ಎರಡು ವರ್ಷ, ಅದಕ್ಕೂ ಮೊದಲು ಬೇರೆ ವಿಭಾಗದಲ್ಲಿ ಕನಿಷ್ಠ ಒಂದು ವರ್ಷ. ಪೀಡಿಯಾಟ್ರಿಕ್ಸ್ ಜೊತೆ ಸೇರಿದ್ದಾದರೆ ಒಟ್ಟು ನಾಲ್ಕು ವರ್ಷ. ಇನ್ನೊಂದು, ರೋಗಿಗಳನ್ನು ಮುಟ್ಟದೆ ನೇರವಾಗಿ ಲ್ಯಾಬಿಗೆ ಪೋಸ್ಟ್‌ಡಾಕ್ ಆಗಿ ಹೋಗುವುದು. ಎಂಡಿ ಆದವರನ್ನು ಪಿಎಚ್‌ಡಿ ಇಲ್ಲದಿದ್ದರೂ ತೆಗೆದುಕೊಳ್ಳುವ ಲ್ಯಾಬುಗಳಿವೆ, ಅದರಲ್ಲೂ ನಿಮ್ಮ ಹೆಸರಿನಲ್ಲಿ ಒಳ್ಳೆಯ ಕೇಸ್ ಸೀರೀಸ್ ಇದ್ದರೆ.

ಹೋಗುವ ಮೊದಲು ತಿಳಿಯದೆ ಅಲ್ಲಿಗೆ ಹೋಗಿ ಪೇಚಾಡುವ ವಿಷಯ ಅನುದಾನದ್ದು. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ವೈದ್ಯ-ವಿಜ್ಞಾನಿಗಳ ಮುಖ್ಯ ಮೆಟ್ಟಿಲಾದ ಕೆ08 ಅನುದಾನ ಅಮೆರಿಕದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಟಿ32 ತರಬೇತಿ ಹಣವೂ ಹಾಗೆಯೇ. ಕೆ99 ಎಂಬುದೊಂದು ವಿದೇಶಿಯರಿಗೂ ತೆರೆದಿದೆ, ಆದರೆ ಪೋಸ್ಟ್‌ಡಾಕ್‌ನ ಮೊದಲ ಕೆಲವೇ ವರ್ಷಗಳೊಳಗೆ ಅರ್ಜಿ ಹಾಕಬೇಕು. ಗಡಿಯಾರ ಹೋದ ದಿನದಿಂದಲೇ ಓಡುತ್ತಿರುತ್ತದೆ. ಜೆ-1 ವೀಸಾದ ಮೇಲೆ ರೆಸಿಡೆನ್ಸಿ ಮಾಡಿದವರು ಎರಡು ವರ್ಷ ಊರಿಗೆ ಮರಳಬೇಕು, ಇಲ್ಲವೇ ವಿನಾಯಿತಿಗಾಗಿ ಅಲ್ಲಿನ ಹಿಂದುಳಿದ ಪ್ರದೇಶದಲ್ಲಿ ಮೂರು ವರ್ಷ ಪೂರ್ಣಾವಧಿ ಕ್ಲಿನಿಕಲ್ ಕೆಲಸ ಮಾಡಬೇಕು. ಆ ಮೂರು ವರ್ಷ ಸಂಶೋಧನೆಗೆ ದೊಡ್ಡ ಕಂದಕ.

ಬ್ರಿಟನ್ನಿನ ಒಂದು ವರ್ಷದ ಜೀನೋಮಿಕ್ ಮೆಡಿಸಿನ್ ಎಂಎಸ್ಸಿ ಹೊಸ ಕ್ಷೇತ್ರಕ್ಕೆ ಒಳ್ಳೆಯ ಪರಿಚಯ. ವಿದ್ಯಾರ್ಥಿವೇತನ ಸಿಗದೆ ಸಾಲ ಮಾಡಿ ಹೋಗುವಷ್ಟು ಬೆಲೆ ಅದಕ್ಕಿಲ್ಲ. ಅಲ್ಲಿ ಕಲಿಸುವ ಬಹುಪಾಲನ್ನು ಇಲ್ಲೇ ಒಂದು ಒಳ್ಳೆಯ ಲ್ಯಾಬಿನಲ್ಲಿ ಕಲಿಯಬಹುದು. ಮರಳಿ ಬರುವವರಿಗೆ ಡಿಬಿಟಿಯ ರಾಮಲಿಂಗಸ್ವಾಮಿ ಮರುಪ್ರವೇಶ ಫೆಲೋಶಿಪ್ ಇದೆ, ಐದು ವರ್ಷದ್ದು.

ಎಲ್ಲಿದ್ದೀರೋ ಅಲ್ಲೇ ಇದ್ದು ಮಾಡುವ ಸಂಶೋಧನೆ

ಪದವಿ ಸೇರಿಸಿಕೊಳ್ಳುವ ಆಸೆ ಇಲ್ಲದ, ಜಿಲ್ಲಾಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಇರುವ ತಜ್ಞರಿಗೂ ಇಲ್ಲಿ ನಿಜವಾದ ಜಾಗವಿದೆ. ಇದನ್ನು ಎರಡನೇ ದರ್ಜೆಯ ದಾರಿ ಎಂದು ಭಾವಿಸುವುದು ತಪ್ಪು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿಗಳ ನೋವಿನಿಂದ ನಡೆಯಲಾಗದವರು ಒಂದೇ ಊರಿನಲ್ಲಿ ಇಷ್ಟು ಜನ ಏಕೆ ಎಂಬ ಪ್ರಶ್ನೆ ಎದ್ದದ್ದು 1970ರ ದಶಕದ ಮಧ್ಯದಲ್ಲಿ. ಅದು ವಂಶಪಾರಂಪರ್ಯವಾಗಿ ಬರುವ ಮೂಳೆ-ಕೀಲಿನ ರೋಗ, ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು ಎಂದು ತಿಳಿದದ್ದು ಮನೆಮನೆಗೆ ಹೋಗಿ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದದ್ದರಿಂದ. ವೈಶ್ಯ ಸಮುದಾಯದ ಕೆಲವರಿಗೆ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಸ್ನಾಯುಗಳು ನಿಮಿಷಗಳಲ್ಲಿ ಚೇತರಿಸಿಕೊಳ್ಳುವ ಬದಲು ಗಂಟೆಗಟ್ಟಲೆ ನಿಶ್ಚಲವಾಗಿರುತ್ತವೆ ಎಂಬುದನ್ನು ಮೊದಲು ಕಂಡವರು ಅರಿವಳಿಕೆ ತಜ್ಞರು. ಕಾರಣ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಕಿಣ್ವದ ಜೀನಿನಲ್ಲಿದೆ ಎಂಬುದು ಆಮೇಲೆ ತಿಳಿಯಿತು.

ನಮ್ಮ ಕಡೆಯ ಕುಟುಂಬಗಳಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇನ್ನೂ ಇದೆ. ಇಂಥ ದಂಪತಿಯ ಮಗುವಿನಲ್ಲಿ ಸರಾಸರಿ ಜೀನೋಮಿನ ಎಂಟನೇ ಒಂದು ಭಾಗ ಎರಡೂ ಪ್ರತಿಗಳಲ್ಲಿ ಒಂದೇ ಪೂರ್ವಜರಿಂದ ಬಂದಿರುತ್ತದೆ. ಅತ್ತೆ-ಮಾವನ ಮಕ್ಕಳು ಮದುವೆಯಾದಲ್ಲಿ ಹದಿನಾರನೇ ಒಂದು ಭಾಗ. ಅಪ್ರಬಲ (ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ) ರೋಗದ ಜೀನ್ ಹುಡುಕಲು ಇದು ದೊಡ್ಡ ಅನುಕೂಲ, ಏಕೆಂದರೆ ಹುಡುಕಬೇಕಾದ ಜಾಗ ಆ ಸಮರೂಪಿ ಪಟ್ಟಿಗಳಿಗೆ ಇಳಿಯುತ್ತದೆ. ತೊಡಕೂ ಇದೆ: ಒಂದೇ ಮಗುವಿನಲ್ಲಿ ಎರಡು ಬೇರೆ ಬೇರೆ ರೋಗಗಳು ಸೇರಿಕೊಂಡಿರಬಹುದು. ಒಂದು ವೇರಿಯಂಟ್ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದರೆ ವಿವರಿಸಲಾಗದ ಲಕ್ಷಣಗಳು ಹಾಗೇ ಉಳಿಯುತ್ತವೆ.

ಲ್ಯಾಬಿನವರು ನಿಮ್ಮೊಂದಿಗೆ ಕೆಲಸ ಮಾಡಲು ಮುಂದೆ ಬರಬೇಕಾದರೆ ನಿಮ್ಮ ಕಡೆಯಿಂದ ಇಷ್ಟು ಬೇಕು:

– ಮೂರು ತಲೆಮಾರಿನ ವಂಶವೃಕ್ಷ. ಗರ್ಭಪಾತ, ಹುಟ್ಟಿ ತೀರಿಹೋದ ಮಕ್ಕಳು, ಸಂಬಂಧದಲ್ಲಿ ಮದುವೆ, ಮೂಲ ಊರು ಎಲ್ಲವೂ ಇರಲಿ.
– ‘ತಲೆ ಚಿಕ್ಕದು’ ಎಂದು ಬರೆಯಬೇಡಿ. ಸುತ್ತಳತೆ ಎಷ್ಟು ಸೆಂಟಿಮೀಟರ್, ಆ ವಯಸ್ಸಿಗೆ ಸರಾಸರಿಗಿಂತ ಎಷ್ಟು ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್) ಕೆಳಗೆ ಎಂದು ಬರೆಯಿರಿ. ಲಕ್ಷಣಗಳನ್ನು ಎಚ್‌ಪಿಒ (ರೋಗಲಕ್ಷಣಗಳ ಅಂತರರಾಷ್ಟ್ರೀಯ ಪಟ್ಟಿ) ಪದಕೋಶದ ಸಂಕೇತಗಳಲ್ಲಿ ದಾಖಲಿಸಿದರೆ ಮುಂದೆ ಯಾವ ಸಾಫ್ಟ್‌ವೇರ್ ಆದರೂ ಓದುತ್ತದೆ.
– ರಕ್ತ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ದೊಡ್ಡವರಿಗೆ 3–4 ಮಿಲಿ, ಮಗುವಿಗೆ 1–2 ಮಿಲಿ ಸಾಕು. ಹೆಪಾರಿನ್ ಟ್ಯೂಬ್ ಬೇಡ, ಅದು ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಮೂಳೆಮಜ್ಜೆ ಕಸಿ ಆದವರ ರಕ್ತದಲ್ಲಿ ಸಿಗುವುದು ದಾನಿಯ ಡಿಎನ್‌ಎ. ಅವರಿಗೆ ಚರ್ಮದ ಸಣ್ಣ ತುಣುಕು ಬೇಕು.
– ತಂದೆ ತಾಯಿಯ ಸ್ಯಾಂಪಲ್ ಅದೇ ದಿನ. ‘ಬೇಕಾದರೆ ಆಮೇಲೆ ಕರೆಸೋಣ’ ಎಂದು ಬಿಟ್ಟರೆ ದೂರದ ಊರಿನವರು ಮತ್ತೆ ಬರುವುದು ಕಷ್ಟ.

ಕಡೆಯದರ ಬೆಲೆ ವರದಿ ಬಂದ ದಿನ ಗೊತ್ತಾಗುತ್ತದೆ. ಸ್ನಾಯು ಸಡಿಲವಿರುವ ಒಂದು ವರ್ಷದ ಮಗುವಿನ ಎಕ್ಸೋಮ್‌ನಲ್ಲಿ ಪ್ರೋಟೀನ್ ಬರೆಯುವ ಭಾಗದಲ್ಲೇ ಇಪ್ಪತ್ತು ಸಾವಿರದಷ್ಟು ಬದಲಾವಣೆಗಳು ಕಾಣುತ್ತವೆ. ಜನಸಾಮಾನ್ಯರಲ್ಲಿ ಇರುವವನ್ನು ತೆಗೆದುಹಾಕಿದರೆ ಕೆಲವು ನೂರು ಉಳಿಯುತ್ತವೆ. ಲಕ್ಷಣಕ್ಕೆ ಹೊಂದುವ ಜೀನ್‌ಗಳಿಗೆ ಸೀಮಿತಗೊಳಿಸಿದರೆ ಒಂದೆರಡು, ಅದೂ ‘ಅನಿಶ್ಚಿತ’ ದರ್ಜೆಯಲ್ಲಿ. ಈಗ ತಂದೆ ತಾಯಿಯ ಡಿಎನ್‌ಎ ಇದ್ದರೆ, ಪ್ರಬಲ (ಒಂದೇ ಪ್ರತಿ ಕೆಟ್ಟರೂ ಬರುವ) ರೋಗದ ಜೀನಿನಲ್ಲಿ ಕಂಡ ಬದಲಾವಣೆ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಬಂದದ್ದೇ ಎಂಬುದು ಸ್ಯಾಂಗರ್ ಸೀಕ್ವೆನ್ಸಿಂಗ್‌ನಿಂದ ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ಹಾಗಿದ್ದರೆ ದರ್ಜೆ ಮೇಲೇರುತ್ತದೆ. ಆರೋಗ್ಯವಂತ ತಂದೆಯಲ್ಲೂ ಅದೇ ಇದ್ದರೆ ಅದನ್ನು ಕೈಬಿಡುವ ಯೋಚನೆ ಮಾಡಬೇಕು. ಡಿಎನ್‌ಎ ಇಲ್ಲದಿದ್ದರೆ ಆ ವರದಿ ವರ್ಷಗಟ್ಟಲೆ ‘ಅನಿಶ್ಚಿತ’ವಾಗಿಯೇ ಫೈಲಿನಲ್ಲಿರುತ್ತದೆ.

ಜನಸಂಖ್ಯೆಯ ಆವರ್ತನ ನೋಡುವಾಗ ಪಾಶ್ಚಾತ್ಯ ದತ್ತಾಂಶವನ್ನಷ್ಟೇ ನೆಚ್ಚಬೇಡಿ. ಅಲ್ಲಿ ಅಪರೂಪ ಎನ್ನಿಸಿದ್ದು ನಮ್ಮ ಒಂದು ಸಮುದಾಯದಲ್ಲಿ ಸಾಮಾನ್ಯವಾಗಿರಬಹುದು. ಐಜಿಐಬಿ-ಸಿಸಿಎಂಬಿಯ ಇಂಡಿಜೆನ್‌ನಲ್ಲಿ ಸಾವಿರಕ್ಕೂ ಹೆಚ್ಚು ಜೀನೋಮ್‌ಗಳಿವೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದಾಳತ್ವದ ಜೀನೋಮ್‌ಇಂಡಿಯಾ ಯೋಜನೆ 83 ಸಮುದಾಯಗಳ ಸುಮಾರು 10,000 ಜನರನ್ನು ಸೀಕ್ವೆನ್ಸ್ ಮಾಡಿದೆ. ಆ ದತ್ತಾಂಶ 2025ರ ಜನವರಿಯಿಂದ ಫರೀದಾಬಾದಿನ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್ ಮೂಲಕ ಅರ್ಜಿಯ ಮೇಲೆ ಸಿಗುತ್ತದೆ. ಫೈಲುಗಳನ್ನು ಹೋಲಿಸುವಾಗ ಎರಡೂ ಒಂದೇ ರೆಫರೆನ್ಸ್ (ಹೋಲಿಕೆಗೆ ಬಳಸುವ ಮಾದರಿ ಜೀನೋಮ್) ಆವೃತ್ತಿಯವೇ (37 ಅಥವಾ 38) ನೋಡಿ. ಆವೃತ್ತಿ ಬೆರೆತರೆ ಸ್ಥಾನದ ಸಂಖ್ಯೆ ಬೇರೆಯೇ ಜಾಗವನ್ನು ತೋರಿಸುತ್ತದೆ, ಪ್ರೋಗ್ರಾಂ ಯಾವ ತಪ್ಪನ್ನೂ ಹೇಳುವುದಿಲ್ಲ.

ಎಕ್ಸೋಮ್‌ನಲ್ಲಿ ಏನೂ ಸಿಗದಿದ್ದರೆ ರೋಗ ಜೆನೆಟಿಕ್ ಅಲ್ಲ ಎಂದಲ್ಲ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯಲ್ಲಿ ಎಸ್‌ಎಂಎನ್1 ಜೀನಿಗೆ ಎಸ್‌ಎಂಎನ್2 ಎಂಬ ತದ್ರೂಪಿ ಇರುವುದರಿಂದ ಸಾಮಾನ್ಯ ಎಕ್ಸೋಮ್ ವಿಶ್ಲೇಷಣೆ ಅದನ್ನು ತಪ್ಪಿಸಿಕೊಳ್ಳಬಹುದು. ಜೀನಿನ ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ಪರೀಕ್ಷೆ ಬೇಕು. ಹಂಟಿಂಗ್ಟನ್, ಫ್ರಜೈಲ್-ಎಕ್ಸ್‌ನಂಥ ಪುನರಾವರ್ತನೆ ಬೆಳೆಯುವ ರೋಗಗಳಿಗೂ ಬೇರೆಯೇ ಪರೀಕ್ಷೆ. ಈ ತಿಳಿವಳಿಕೆ ಇಲ್ಲದೆ ‘ನೆಗೆಟಿವ್’ ವರದಿ ಕೊಟ್ಟು ಕಳಿಸಿದ ದಂಪತಿ ಮುಂದಿನ ಗರ್ಭಕ್ಕೆ ಧೈರ್ಯ ಮಾಡಿದರೆ ಆಗುವ ಅನಾಹುತ ಸಣ್ಣದಲ್ಲ.

ಕಾಗದಪತ್ರ: ಎಥಿಕ್ಸ್ ಕಮಿಟಿಯ ಒಪ್ಪಿಗೆ ಸ್ಯಾಂಪಲ್ ತೆಗೆಯುವ ಮೊದಲೇ ಇರಬೇಕು, ಐಸಿಎಂಆರ್‌ನ 2017ರ ಮಾರ್ಗಸೂಚಿ ಅದಕ್ಕೆ ಆಧಾರ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಮುಂದೆ ಮತ್ತೆ ಸಂಪರ್ಕಿಸಬಹುದೇ, ಗುರುತು ತೆಗೆದ ದತ್ತಾಂಶ ಹಂಚಬಹುದೇ, ಹುಡುಕದ ಬೇರೆ ರೋಗ ಕಂಡರೆ ತಿಳಿಸಬೇಕೇ ಎಂಬ ಮೂರಕ್ಕೂ ಪ್ರತ್ಯೇಕ ಗುರುತಿನ ಜಾಗವಿರಲಿ. ಎರಡನೆಯದು ಇಲ್ಲದ ಸ್ಯಾಂಪಲ್‌ಗಳನ್ನು ದೊಡ್ಡ ಅಧ್ಯಯನಗಳಿಗೆ ಸೇರಿಸಲಾಗದೆ ಫ್ರೀಜರಿನಲ್ಲೇ ಬಿಡಬೇಕಾಗುತ್ತದೆ. ವಿದೇಶಿ ಹಣ ಅಥವಾ ಸಹಭಾಗಿತ್ವ ಇದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ (ಎಚ್‌ಎಂಎಸ್‌ಸಿ) ಒಪ್ಪಿಗೆಗೆ ತಿಂಗಳುಗಳನ್ನು ಮೀಸಲಿಡಿ. ಗರ್ಭಸ್ಥ ಶಿಶುವಿನ ಪರೀಕ್ಷೆ ಒಳಗೊಂಡರೆ ಪಿಸಿಪಿಎನ್‌ಡಿಟಿ ನೋಂದಣಿ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ.

ಡಯಾಗ್ನೋಸ್ಟಿಕ್ ಕಂಪನಿಗಳು

ಬೆಂಗಳೂರಿನಲ್ಲಿ ಮೆಡ್‌ಜೀನೋಮ್, ಸ್ಟ್ರ್ಯಾಂಡ್‌ನಂಥ ಕಂಪನಿಗಳಿರುವುದರಿಂದ ಈ ಆಯ್ಕೆ ಇಲ್ಲಿನವರಿಗೆ ಹತ್ತಿರದ್ದು. ವೇರಿಯಂಟ್ ಓದುವ ಅಭ್ಯಾಸ ಇಷ್ಟು ವೇಗವಾಗಿ ಬೇರೆಲ್ಲೂ ಆಗುವುದಿಲ್ಲ. ಆದರೆ ಕೈಗೆ ಬರುವುದು ಫಾರಂನಲ್ಲಿ ಬರೆದ ಎರಡು ಸಾಲಿನ ಲಕ್ಷಣ, ರೋಗಿಯಲ್ಲ. ಒಂದೆರಡು ವರ್ಷಕ್ಕೆ ಚೆನ್ನ. ಪ್ರಕಟಣೆಯ ಹಕ್ಕಿನ ಬಗ್ಗೆ ಒಪ್ಪಂದದಲ್ಲಿ ಏನಿದೆ ಎಂದು ಓದಿಯೇ ಸಹಿ ಹಾಕಿ.

ಗೈಡ್ ಮತ್ತು ಲ್ಯಾಬ್ ಆರಿಸುವಾಗ

ಸಂಸ್ಥೆಯ ಹೆಸರಿಗಿಂತ ಇದು ಮುಖ್ಯ. ಆ ಲ್ಯಾಬಿನ ಕಳೆದ ಐದು ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಬಿಟ್ಟುಹೋದವರಿದ್ದರೆ ಏಕೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಈಗಾಗಲೇ ಸಂಗ್ರಹವಾದ ಡಿಎನ್‌ಎ ಎಷ್ಟು ಕುಟುಂಬಗಳದ್ದು? ಒಪ್ಪಿಗೆ ಪತ್ರ ನಿಮ್ಮ ಪ್ರಶ್ನೆಗೆ ಸಾಲುತ್ತದೆಯೇ? ಪಿಎಚ್‌ಡಿಗೆ ಸೇರಿದ ಮೇಲೆ ರೋಗಿಗಳನ್ನು ಹುಡುಕಲು ಹೊರಟರೆ ಎರಡು ವರ್ಷ ಅದರಲ್ಲೇ ಹೋಗುತ್ತದೆ. ಅನುದಾನ ನಿಮ್ಮ ನಾಲ್ಕನೇ ವರ್ಷದಲ್ಲೂ ಇರುತ್ತದೆಯೇ? ಸ್ಯಾಂಪಲ್ ತಂದ ವೈದ್ಯರ ಹೆಸರು ಅವರ ಹಿಂದಿನ ಪ್ರಬಂಧಗಳಲ್ಲಿ ಎಲ್ಲಿದೆ ನೋಡಿ. ಯಾವಾಗಲೂ ನಡುವಿನ ಸಾಲಿನಲ್ಲಿ ಕಳೆದುಹೋಗಿದ್ದರೆ ನಿಮ್ಮದೂ ಅಲ್ಲೇ ಇರುತ್ತದೆ.

ವೈದ್ಯರು ಲ್ಯಾಬಿಗೆ ಬಂದಾಗ ಎಡವುವುದು ಬಯಾಲಜಿಯಲ್ಲಲ್ಲ, ಸಂಖ್ಯಾಶಾಸ್ತ್ರದಲ್ಲಿ. ಲಕ್ಷಾಂತರ ಜಾಗಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಪಿ-ಮೌಲ್ಯದ 0.05 ಎಂಬ ಗಡಿಗೆ ಅರ್ಥವೇ ಇಲ್ಲ. ಇಡೀ ಜೀನೋಮಿನ ಅಧ್ಯಯನದಲ್ಲಿ ಅದು ಎರಡು ಕೋಟಿಗೆ ಒಂದು. ಇನ್ನೂರು ರೋಗಿಗಳನ್ನಿಟ್ಟುಕೊಂಡು ಡಯಾಬಿಟಿಸ್‌ನ ಹೊಸ ಜೀನ್ ಹುಡುಕುತ್ತೇವೆ ಎಂಬ ಥೀಸಿಸ್‌ಗಳು ಹಾಳಾಗುವುದು ಇದೇ ಕಾರಣಕ್ಕೆ. ಅಷ್ಟೇ ಜನರಿಂದ ಅಪರೂಪದ ಒಂಟಿ ಜೀನಿನ ರೋಗದ ಒಳ್ಳೆಯ ಕೆಲಸ ಮಾಡಬಹುದು. ಸೇರುವ ಮೊದಲಿನ ಆರು ತಿಂಗಳು ವಾರಕ್ಕೆ ಐದಾರು ಗಂಟೆ ಲಿನಕ್ಸ್ ಕಮಾಂಡ್, ಆರ್ ಅಥವಾ ಪೈಥಾನ್, ಮೂಲ ಸಂಖ್ಯಾಶಾಸ್ತ್ರಕ್ಕೆ ಕೊಡಿ. ಒಂದು ವಿಸಿಎಫ್ ಫೈಲನ್ನು (ವೇರಿಯಂಟ್‌ಗಳ ಪಟ್ಟಿಯನ್ನು) ತೆರೆದು ಒಂದು ಸಾಲನ್ನು ಪೂರ್ತಿ ಓದಲು ಬಂದರೆ ಶುರುವಿಗೆ ಅಷ್ಟು ಸಾಕು.

ಬಾಂಡ್ ಲೆಕ್ಕ ಮರೆಯಬೇಡಿ. ಕರ್ನಾಟಕದಲ್ಲಿ 2012ರ ಕಡ್ಡಾಯ ಸೇವೆಯ ಕಾಯ್ದೆ ಎಂಬಿಬಿಎಸ್, ಎಂಡಿ, ಡಿಎಂ ಹಂತಗಳಿಗೆ ಅನ್ವಯಿಸುತ್ತದೆ, ತಿದ್ದುಪಡಿಗಳೂ ಆಗಿವೆ. ಪಿಎಚ್‌ಡಿ ಪ್ರವೇಶದ ದಿನಾಂಕ ಸೇವೆಯ ನಡುವೆ ಬಂದರೆ ಮೂಲ ದಾಖಲೆಗಳು ಕೈಗೆ ಸಿಗದೆ ಸೀಟು ತಪ್ಪಬಹುದು. ನಿಮ್ಮ ಬ್ಯಾಚಿಗೆ ಯಾವ ಆದೇಶ ಅನ್ವಯ ಎಂದು ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯದಿಂದ ಲಿಖಿತವಾಗಿ ಪಡೆಯಿರಿ.

ಇನ್ನೂ ಎಂಬಿಬಿಎಸ್ ಓದುತ್ತಿರುವವರು ಐಸಿಎಂಆರ್‌ನ ಎರಡು ತಿಂಗಳ ಎಸ್‌ಟಿಎಸ್ (ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನೆ) ಯೋಜನೆಗೆ ಅರ್ಜಿ ಹಾಕಿ. 1979ರಿಂದ ನಡೆದುಬಂದಿರುವ ಇದು ಒಂದು ಪ್ರಸ್ತಾವ ಬರೆದು, ಕೆಲಸ ಮಾಡಿ, ವರದಿ ಒಪ್ಪಿಸುವ ಪೂರ್ತಿ ಸುತ್ತನ್ನು ತೋರಿಸುತ್ತದೆ. ವಿಷಯ ಆರಿಸುವಾಗ ಸೀಕ್ವೆನ್ಸಿಂಗ್ ಬೇಕೆಂದು ಹಟ ಬೇಡ, ಎರಡು ತಿಂಗಳಲ್ಲಿ ಅದು ಆಗದು. ನಿಮ್ಮ ಆಸ್ಪತ್ರೆಗೆ ಬರುವ ಒಂದು ಆನುವಂಶಿಕ ರೋಗದ ಮೂವತ್ತು ಕುಟುಂಬಗಳ ವಂಶವೃಕ್ಷ ಮತ್ತು ಅಳತೆಗಳನ್ನು ಅಚ್ಚುಕಟ್ಟಾಗಿ ದಾಖಲಿಸುವುದಾಗಿ ಬರೆಯಿರಿ. ಆ ದಾಖಲೆಯನ್ನು ಹಿಡಿದು ಯಾವ ಜೀನೋಮಿಕ್ಸ್ ಲ್ಯಾಬಿನ ಬಾಗಿಲು ತಟ್ಟಿದರೂ ಅವರು ನಿಮ್ಮನ್ನು ಕೂರಿಸಿಕೊಂಡು ಮಾತಾಡುತ್ತಾರೆ.